ಕಾಳಿಗೆ ಹೇಳಿದ ಮಾತು

ಅರಳಗುಪ್ಪೆಯ ಮರುಳಪ್ಪನ ಮನೆಯ ಟಿವಿಯಲ್ಲಿ ಬುಧವಾರ ಬೆಳಿಗ್ಗೆ ಚಿತ್ರ ಹೋಗಿ ತೆರೆಯ ತುಂಬ ಬರೀ ಚುಕ್ಕೆಗಳ ಇರುವೆ ಮುತ್ತಿಕೊಂಡಿತು. ಬೇರೆ ಯಾವ ದಿನವಾದರೂ ಅವನು ಅದರ ನೆತ್ತಿಗೆ ಎರಡು ಏಟು ಹಾಕಿ ಸುಮ್ಮನಾಗುತ್ತಿದ್ದ. ಆದರೆ ಅವತ್ತು ಸಂಜೆ ‘ಒಂದೇ ತೊಟ್ಟಿಲು’ ಧಾರಾವಾಹಿ ಇತ್ತು.

ಯಾವುದೋ ಒಂದು ದೇಶ, ರಾಜ ಸತ್ತ ಮೇಲೆ ಎರಡು ಹೋಳಾಗಿ ತನ್ನೊಳಗೇ ಬಡಿದಾಡಿಕೊಳ್ಳುವ ಕತೆ ಅದು. ಅಣ್ಣ ವೀರಸೇನ ಅರಮನೆಯ ಕಡೆ, ತಮ್ಮ ಧೀರಸೇನ ದಂಗೆಯೆದ್ದವರ ಕಡೆ. ಹೋದ ವಾರ ಹೊಳೆಯ ಈ ದಡದಿಂದ ಅಣ್ಣ, ಆ ದಡದಿಂದ ತಮ್ಮ, ಇಬ್ಬರೂ ಕತ್ತಿ ಹಿರಿದು ನೀರಿಗೆ ಇಳಿದಿದ್ದರು. ಅಷ್ಟಕ್ಕೇ ‘ಮುಂದುವರಿಯುವುದು’ ಎಂದು ಬಂದಿತ್ತು. ಆಗ ಮರುಳಪ್ಪನ ಕಣ್ಣು ಒದ್ದೆಯಾದದ್ದನ್ನು ಬೀದಿಯವರೆಲ್ಲ ನೋಡಿದ್ದರು. ಒಲೆಯ ಹೊಗೆ ಅಂದಿದ್ದ. ಒಲೆ ಹಚ್ಚಿರಲಿಲ್ಲ.

ಟಿವಿಯ ಆಂಟೆನಾ ಇದ್ದದ್ದು ಹಿತ್ತಿಲ ದೊಡ್ಡ ತೆಂಗಿನ ಮರದ ತುದಿಯಲ್ಲಿ. ಊರಲ್ಲಿ ಎಲ್ಲರೂ ಹಾಗೆಯೇ ಕಟ್ಟುತ್ತಿದ್ದರು. ದೇವರೇ ಅಷ್ಟೆತ್ತರದ ಕಂಬ ಕೊಟ್ಟಿರುವಾಗ ಕಬ್ಬಿಣದ ಪೈಪು ಯಾರಿಗೆ ಬೇಕು? ತೊಡಕು ಬೇರೆ ಇತ್ತು. ಕೆಲವು ವರ್ಷದ ಹಿಂದೆ ಮನೆ ಪಾಲಾದಾಗ ಟಿವಿ, ಎಮ್ಮೆ ಮರುಳಪ್ಪನಿಗೆ ಬಂದವು, ಆ ಮರ ತಮ್ಮ ಗಂಗಾಧರಯ್ಯನಿಗೆ ಹೋಯಿತು. ‘ಅದು ಅಪ್ಪ ನೆಟ್ಟ ಮರ’ ಅಂತ ಇವನೊಂದು ಮಾತಂದ. ‘ಅಪ್ಪ ನನಗೂ ಅಪ್ಪನೇ’ ಅಂತ ಅವನೊಂದು ಮಾತಂದ. ಹಿತ್ತಿಲ ನಡುವೆ ಎದೆಮಟ್ಟದ ಗೋಡೆ ಎದ್ದಿತು, ಮಾತು ನಿಂತಿತು. ಆದರೂ ತಮ್ಮ ಆಂಟೆನಾ ಕೀಳಿಸಲಿಲ್ಲ. ಆ ಗೋಡೆ ದಾಟಿ ಓಡಾಡುತ್ತಿದ್ದದ್ದು ಅದರ ತಂತಿ ಒಂದೇ.

ಬೆಳಿಗ್ಗೆ ಗೊಲ್ಲರಪ್ಪ ಗಂಗಾಧರಯ್ಯನ ಮರಗಳನ್ನು ಹತ್ತಿ ಕಾಯಿ ಕೆಡವಿದ್ದ. ಅವನ ಕಾಲು ತಾಗಿಯೇ ಆಂಟೆನಾ ತಿರುಗಿರಬೇಕೆಂದು ಮರುಳಪ್ಪ ಅವನನ್ನು ಬೀದಿಯಲ್ಲೇ ಹಿಡಿದ.

“ಇನ್ನೊಂದ್ಸತಿ ಹತ್ತಿ ಒಂಚೂರು ತಿರುಗುಸ್ಬುಡ್ಲಾ.”

“ಹತ್ತೋಕೇನು ಬುಡಿ. ಆದ್ರೆ ಮರ ನಿಮ್ಮ ತಮ್ಮೋರ್ದು. ಅವ್ರು ಬಾಯಿಬಿಟ್ಟು ಹತ್ತು ಅನ್ನದೆ ನಾನು ಮುಟ್ಟಲ್ಲ.”

“ಬೆಳಿಗ್ಗೆ ಹತ್ತಿದ್ಯಲ್ಲೋ!”

“ಅದು ಬೆಳಿಗ್ಗೆ ಮಾತು,” ಅಂದ ಗೊಲ್ಲರಪ್ಪ, ಹರಿಶ್ಚಂದ್ರನ ಮೊಮ್ಮಗನ ಹಾಗೆ ಮುಖ ಮಾಡಿಕೊಂಡು.

ತಮ್ಮನನ್ನು ಕೇಳುವುದಕ್ಕಿಂತ ಸೂರು ಹತ್ತುವುದು ವಾಸಿ ಅನ್ನಿಸಿತು ಮರುಳಪ್ಪನಿಗೆ. ಕಾಯಿ ಕೀಳುವ ದೋಟಿಯ ತುದಿಗೆ ಇಡ್ಲಿ ತಟ್ಟೆ ಕಟ್ಟಿ, ಅದನ್ನೇ ಬದಲಿ ಆಂಟೆನಾ ಮಾಡಿಕೊಂಡು ಹೆಂಚಿನ ಮೇಲೆ ನಿಂತ. ಕೆಳಗೆ ಎದುರು ಮನೆಯ ಹುಚ್ಚಕ್ಕ ಬಾಗಿಲಲ್ಲಿ, ಪಕ್ಕದ ಮನೆಯ ತಿಮ್ಮಕ್ಕ ಟಿವಿಯ ಮುಂದೆ.

“ಬಂತಾ?”

“ಬಂತು ಬಂತು... ಹೋಯ್ತು!”

“ಈಗ?”

“ಅಯ್ಯೋ, ಬಂತು ಕಣಪ್ಪ! ಅಲ್ಲಾಡ್ಬ್ಯಾಡ!” ತಿಮ್ಮಕ್ಕ ಕುಣಿದಾಡಿದಳು. “ಸಾಯಂಕಾಲದ ಗಂಟ ಹಂಗೇ ನಿಂತ್ಕಂಡಿರು ಮರುಳಪ್ಪ, ನಾವೆಲ್ಲ ನೋಡಿ ಆಮೇಲೆ ನಿಂಗೆ ಕತೆ ಹೇಳ್ತೀವಿ!”

“ಅಲ್ಲಿಗೇ ಕಾಪಿ ಕಳ್ಸಾನ,” ಅಂದಳು ಹುಚ್ಚಕ್ಕ.

ಇದಕ್ಕೆ ತಕ್ಕ ಉತ್ತರ ಕೊಡಲು ಮರುಳಪ್ಪ ಬಗ್ಗಿದ. ಹೆಂಚು ತಡೆಯಲಿಲ್ಲ. ಮರುಗಳಿಗೆಯಲ್ಲಿ ಅವನು ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ್ದ ಕಾಯಿರಾಶಿಯ ಮೇಲೆ ಕೂತಿದ್ದ. ರಾಶಿ ಜಾರಿತು, ಅವನೂ ಜಾರಿದ. ನಾಲ್ಕಾರು ಕಾಯಿ ಏಣಿಯಲ್ಲಿ ಇಳಿದು ಅವನಿಗಿಂತ ಮೊದಲೇ ನಡುಮನೆ ಸೇರಿದವು. ಹೆಂಡತಿ ಗಿರಿಜಾಂಬಿಕಾ ಹೂರಣ ರುಬ್ಬುತ್ತಿದ್ದವಳು ತಲೆಯೆತ್ತಿ, “ಸೊಂಟ ಮುರಿದ್ರೂ ಸರಿ, ತಮ್ಮನ ಹತ್ರ ಮಾತಾಡ್ಬಾರ್ದು, ಅಲ್ವ್ರಾ?” ಅಂದಳು.

ಕುಂಟುತ್ತ ಅವನು ಹಿತ್ತಿಲಿಗೆ ಹೋದ. ಗೋಡೆಯ ಪಕ್ಕ ಕಾಳಿ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಅಣ್ಣತಮ್ಮಂದಿರಿಗೆ ಅತ್ಯಗತ್ಯದ ಮಾತು ಏನಿದ್ದರೂ ಇಷ್ಟು ವರ್ಷ ಕಾಳಿಯ ಮುಖಾಂತರವೇ ನಡೆದಿತ್ತು. ಗೋಡೆಯ ಆಚೆ ಗಂಗಾಧರಯ್ಯ ಕಾಯಿ ಸುಲಿಯುತ್ತಿದ್ದ.

“ನೋಡೇ ಕಾಳಿ,” ಅಂದ ಮರುಳಪ್ಪ ಜೋರಾಗಿ. “ಕೆಲವರ ಮರದಾಗೆ ಕೆಲವರ ಆಂಟೆನಾ ತಿರುಕ್ಕಂಡದೆ. ಗೊಲ್ಲರಪ್ಪಂಗೆ ಒಂದು ಮಾತು ಹೇಳುದ್ರೆ ಕೆಲವರ ಗಂಟೇನೂ ಹೋಗಕಿಲ್ಲ.”

ಆಚೆ ಸುಲಿಯುವ ಸದ್ದು ನಿಂತಿತು. “ಕಾಳೀ, ಬಾಯಿದ್ದೋರು ಬಾಯ್ಬಿಟ್ಟು ಕೇಳುದ್ರೆ ಇಲ್ಲ ಅನ್ನೋರು ಯಾರೂ ಇಲ್ಲ ಅಂತ ಹೇಳು.”

“ದೊಡ್ಡೋರು ಕೇಳೋದು ಮರ್ಯಾದೆ ಅಲ್ಲ ಅನ್ನು ಕಾಳಿ!”

“ಹಂಗಾದ್ರೆ ದೊಡ್ಡೋರು ಇರುವೆ ನೋಡ್ಕಂಡಿರ್ಲಿ ಅನ್ನು!”

ಕಾಳಿ ಯಾರ ಪಕ್ಷವನ್ನೂ ಹಿಡಿಯದೆ ಬಾಲ ಬೀಸಿತು. ಅಷ್ಟರಲ್ಲಿ ಗಿರಿಜಾಂಬಿಕಾ ಬಂದವಳೇ ಗೂಟದಿಂದ ಹಗ್ಗ ಬಿಚ್ಚಿದಳು.

“ಎಲ್ಲಿಗೇ ಅದನ್ನ ಹೊಡ್ಕಂಡು ಹೋಗ್ತೀಯ? ಮಾತಾಡ್ತಿಲ್ವಾ ನಾವು?”

“ಎಮ್ಮೆಗೆ ನೀರು ಕುಡಿಸ್ಬ್ಯಾಡ್ವೇ?” ಅಂದು ಅವಳು ನಡೆದೇಬಿಟ್ಟಳು.

ಉಳಿದದ್ದು ಒಂದು ಗೋಡೆ, ಎರಡು ತಲೆ. ಮರುಳಪ್ಪ ಗೂಟ ನೋಡಿದ, ಮರ ನೋಡಿದ, ನೋಡಲು ಬೇರೇನೂ ಸಿಗದೆ ತಮ್ಮನನ್ನು ನೋಡಿದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು ಹುಡುಗನದು. ಇದು ಯಾವಾಗ ಆಯಿತೋ ಅವನಿಗೆ ಗೊತ್ತೇ ಇರಲಿಲ್ಲ.

“ಲೇ ಗಂಗಾ,” ಅಂದ.

“ಏನಣ್ಣಾ?” ಉತ್ತರ ತಡವಾಗಲಿಲ್ಲ.

“ಮರ... ಒಂಚೂರು.”

ಗಂಗಾಧರಯ್ಯ ಗೊಲ್ಲರಪ್ಪನನ್ನು ಕೂಗಿದ ಕೂಗು ಕೆರೆಯ ಏರಿಯವರೆಗೂ ಕೇಳಿಸಿತು. ಗೊಲ್ಲರಪ್ಪ ಮಾತ್ರ ಬೇಲಿಯ ಹಿಂದೆಯೇ ಇದ್ದ.

ಸಂಜೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುಳಪ್ಪ ತನ್ನ ಕುರ್ಚಿಯಲ್ಲಿ ತಮ್ಮನನ್ನು ಕೂರಿಸಿ ತಾನು ಹೊಸಿಲ ಮೇಲೆ ಕೂತ. ಚಿತ್ರ ಈಗ ತೊಳೆದ ಬಟ್ಟಲಿನಷ್ಟು ಶುಭ್ರವಾಗಿತ್ತು.

“ಇಷ್ಟು ವಾರ ಗೋಡೆ ಪಕ್ಕ ಕೂತು ಬರೀ ಮಾತು ಕೇಳ್ಸ್ಕಂಡಿದ್ದೆ ಕಣಣ್ಣ,” ಅಂದ ಗಂಗಾಧರಯ್ಯ ಮೆಲ್ಲಗೆ. “ವೀರಸೇನನ ಮುಖ ಹೆಂಗದೆ ಅಂತ ಇವತ್ತಾದ್ರೂ ನೋಡಾನ.”

ರೇಷ್ಮೆ ಸೀರೆಯ ಹೆಂಗಸೊಬ್ಬಳು ತೆರೆಯ ಮೇಲೆ ಬಂದು ನಕ್ಕಳು. ಕಾರಣಾಂತರಗಳಿಂದ ‘ಒಂದೇ ತೊಟ್ಟಿಲು’ ಧಾರಾವಾಹಿಯ ಪ್ರಸಾರವನ್ನು ನಿಲ್ಲಿಸಲಾಗಿದೆ, ವೀಕ್ಷಕರು ಕ್ಷಮಿಸಬೇಕು, ಈಗ ‘ತೆಂಗಿನ ತೋಟಕ್ಕೆ ಗೊಬ್ಬರ’ ಅಂದಳು. ತೆರೆಯ ತುಂಬ ಒಂದು ತೆಂಗಿನ ಮರ ನಿಂತಿತು.

“ಇದನ್ನ ನೋಡೋಕೆ ಹೆಂಚು ಒಡ್ಕಂಡ್ಯಾ ಮರುಳಪ್ಪ?” ಅಂದು ಹುಚ್ಚಕ್ಕ ಎದ್ದಳು. ಹೋಳಿಗೆ ತಿಂದವರು ಬಾಯಿ ಒರೆಸಿಕೊಂಡು ಅವಳ ಹಿಂದೆ ಹೊರಟರು.

ಅಣ್ಣತಮ್ಮಂದಿರಿಬ್ಬರೇ ಉಳಿದರು. “ಹೋಗ್ಲಿ ಬುಡು,” ಅಂದ ಮರುಳಪ್ಪ. “ಗೊತ್ತಿರೋದೇ. ಅಣ್ಣ ಮೊದ್ಲು ಕತ್ತಿ ಬಿಸಾಕ್ತಿದ್ದ. ದೊಡ್ಡೋರು ತಗ್ಗೋದು ದೊಡ್ಡಗುಣ.”

“ಎಲ್ಲಾದ್ರೂ ಉಂಟಾ! ತಮ್ಮ ಕಣಣ್ಣ ಮೊದ್ಲು ಬಿಸಾಕ್ತಿದ್ದೋನು.”

“ಅವನು ಹಟಮಾರಿ ಕಣ್ಲಾ! ನೀನು ಮುಖಾನೇ ನೋಡಿಲ್ಲ, ನಿಂಗೇನು ಗೊತ್ತು?”

“ಮಾತು ಕೇಳಿದ್ರೆ ತಿಳಿಯಕಿಲ್ವಾ? ಅಣ್ಣನೇ ಮೊಂಡ!”

ಯಾರು ಮೊದಲು ತಗ್ಗುತ್ತಿದ್ದರು ಎಂಬ ಮಾತಿನಲ್ಲಿ ಇಬ್ಬರೂ ಒಂದಿಷ್ಟೂ ತಗ್ಗಲಿಲ್ಲ. ಕೊನೆಗೆ ಮರುಳಪ್ಪ, “ಇನ್ನು ನಿನ್ನ ಮುಖ ನೋಡಕಿಲ್ಲ ಹೋಗ್ಲಾ!” ಅಂದ. ಹೋಳಿಗೆಗೆ ಎಲೆ ಹಾಕುವ ಮೊದಲೇ ತಮ್ಮ ಕುರ್ಚಿಯಿಂದ ಎದ್ದು ಹೋದ.

ಸಿಟ್ಟಿನಲ್ಲಿ ಮರುಳಪ್ಪ ಅಡುಗೆಮನೆಗೆ ನುಗ್ಗಿದರೆ ಹಿತ್ತಿಲ ಬಾಗಿಲಲ್ಲಿ, ಗಿರಿಜಾಂಬಿಕಾಳ ಎದುರು, ಗೊಲ್ಲರಪ್ಪ ಹೋಳಿಗೆಯ ಗಂಟು ಹಿಡಿದು ನಿಂತಿದ್ದ. “ನೀವು ಹೇಳ್ದಂಗೆ ಬೆಳಿಗ್ಗೆ ತಿರುಗ್ಸಿದ್ದೂ ಆಯ್ತು, ಸಾಯಂಕಾಲ ನೆಟ್ಟಗೆ ಮಾಡಿದ್ದೂ ಆಯ್ತು ಅಮ್ಮಾ. ಇನ್ನೊಂದ್ಸತಿ ಬೇಕಾದ್ರೆ ಹೇಳ್ಕಳ್ಸಿ,” ಅನ್ನುತ್ತಿದ್ದವನು ಮರುಳಪ್ಪನನ್ನು ಕಂಡು ಮಾಯವಾದ.

ಮರುಳಪ್ಪ ಹೆಂಡತಿಯನ್ನು ಬೈಯಲು ಬಾಯಿ ತೆರೆದ. ಬೈಗುಳ ಬರಲಿಲ್ಲ. ‘ಏನಣ್ಣಾ’ ಅನ್ನುವ ಮಾತು ಇನ್ನೂ ಕಿವಿಯಲ್ಲೇ ಇತ್ತು. ಇವಳು ಮಾಡದಿದ್ದರೆ ತಾನು ಸಾಯುವವರೆಗೂ ಅದನ್ನು ಕೇಳುತ್ತಿರಲಿಲ್ಲ ಅನ್ನಿಸಿ ಎದೆ ತುಂಬಿ ಬಂತು. ಇದನ್ನು ಹೆಂಡತಿಗೆ ಹೇಳುವುದು ಹೇಗೆ? ಕಾಳಿಯ ಹತ್ತಿರವಾದರೂ ಹೇಳಿಕೊಳ್ಳೋಣವೆಂದು ಹಿತ್ತಿಲಿಗೆ ಹೋದ.

ಗೂಟವೇ ಇರಲಿಲ್ಲ.

“ಕಾಳೀನ ಬೀದಿ ಕಡೆ ಕಟ್ಟಿದೀನ್ರೀ,” ಒಳಗಿನಿಂದ ಗಿರಿಜಾಂಬಿಕಾ ಕೂಗಿದಳು. “ಇನ್ಮೇಲೆ ಅಲ್ಲೇ.”

ಗೋಡೆಯ ಆಚೆ ಗಂಗಾಧರಯ್ಯನೂ ಎಮ್ಮೆಯನ್ನು ಹುಡುಕುತ್ತ ನಿಂತಿದ್ದ.

“ಹೋಳಿಗೆ ತಿಂದ್ಯೇನ್ಲಾ ಗಂಗಾ?” ಅಂದ ಮರುಳಪ್ಪ.

“ಎಲ್ಲಿ ತಿನ್ನೋಕ್ಬುಟ್ಟೆ ನೀನು?”

ಮರುಳಪ್ಪ ಒಳಗೆ ಹೋಗಿ ನೋಡಿದ. ಬೀದಿಯವರು ತಿಂದು, ಗೊಲ್ಲರಪ್ಪ ಕಟ್ಟಿಕೊಂಡು ಹೋದ ಮೇಲೆ ಮಿಕ್ಕಿದ್ದದ್ದು ತನ್ನ ಪಾಲಿನದೇ ಒಂದು. ಅದನ್ನು ತುಪ್ಪದ ಸಮೇತ ತಂದು ಗೋಡೆಯ ಮೇಲಿಟ್ಟ.

ತಮ್ಮ ಬಾಯಿ ತುಂಬ ಹೋಳಿಗೆ ತುಂಬಿಕೊಂಡು ಹೇಳಿದ: “ಆದ್ರೂ ಮೊದ್ಲು ಕತ್ತಿ ಬಿಸಾಕ್ತಿದ್ದೋನು ತಮ್ಮನೇ ಕಣಣ್ಣ.”