ಅಮ್ಮನ ಹಾಡು, ಬರೀ ಎಂಟಕ್ಷರ

ಆಗ ಹೊಸದುರ್ಗದಲ್ಲಿ ಕಂಪ್ಯೂಟರಿನ ಕಪ್ಪು ಪರದೆಗೆ ಹೆದರದವರು ಇಬ್ಬರೇ ಇದ್ದರು. ಒಬ್ಬ ನಾನು. ಇನ್ನೊಬ್ಬ ಯಾರೋ ನನಗೂ ಗೊತ್ತಿಲ್ಲ, ನಾನೊಬ್ಬನೇ ಅಂದರೆ ಜಂಬ ಅನ್ನಿಸೀತೆಂದು ಸೇರಿಸಿಕೊಂಡಿದ್ದೇನೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಮೇಷ್ಟ್ರು. ಕಲಿಯೋಕೆ ಬಂದವರು ಮೌಸ್ ಹಿಡಿದು ಒದ್ದಾಡುತ್ತಿದ್ದರೆ ನಾನು ಕಪ್ಪು ಪರದೆಯಲ್ಲಿ ಟಕಟಕ ಟೈಪು ಮಾಡಿ, ಎಂಟರ್ ಒತ್ತಿ, ಕೈ ಕಟ್ಟಿ ನಿಲ್ಲುತ್ತಿದ್ದೆ. ಆ ಗತ್ತೇ ಬೇರೆ!

ನನ್ನ ಹೆಂಡತಿ ರತ್ನಳ ತಾಯಿ, ಅಂದರೆ ನಮ್ಮ ಅತ್ತೆ, ರಾಮಗಿರಿಯವರು. ಆ ಊರಲ್ಲಿ ಯಾರ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವ ಹಾಡು ಅತ್ತೆಯದೇ. ಅವರು ಹಾಡಿ ಕರೆದ ಮೇಲೇ ಹೆಣ್ಣು ಕೋಣೆಯ ಹೊಸಿಲು ದಾಟಬೇಕು. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಗೆ ಕರೆದ ಅತ್ತೆ, ತಮ್ಮ ಕಿರಿಮಗಳು ಸುಧಾಳ ಮದುವೆಗೆ ಮೂರು ತಿಂಗಳಿದ್ದಾಗ ತೀರಿಕೊಂಡರು. ವರ್ಷದೊಳಗೆ ಶುಭಕಾರ್ಯ ಮುಗಿಸಿಬಿಡಿ ಎಂದು ಹಿರಿಯರು ಹೇಳಿದ್ದಕ್ಕೆ ಮದುವೆ ನಿಲ್ಲಲಿಲ್ಲ.

"ಅಮ್ಮ ಕರೀದೆ ನಾನು ಹೆಂಗೆ ಹಸೆಗೆ ಬರ್ಲಿ ಭಾವ?" ಅಂತ ಸುಧಾ ಬಿಕ್ಕಿದಳು.

ಹಿಂದಿನ ವರ್ಷ ಆ ಹಾಡನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟವನು ನಾನೇ. ಎದೆ ಉಬ್ಬಿಸಿ ಹೇಳಿದೆ: "ನಿಮ್ಮಮ್ಮನೇ ಕರೀತಾರೆ. ನಾನಿದ್ದೀನಲ್ಲ!"

'ನಾನಿದ್ದೀನಲ್ಲ' ಎಂಬುದು ನಮ್ಮ ಮನೆಯಲ್ಲಿ ಅಪಾಯದ ಸೂಚನೆ.

"ರೀ, ಆ ಕ್ಯಾಸೆಟ್ನೇ ಹಾಕಿದ್ರೆ ಆಗಲ್ವೇನ್ರಿ?" ಅಂದಳು ರತ್ನ.

"ನಡುವೆ ಟೇಪು ಸಿಕ್ಕಾಕ್ಕಂಡ್ರೆ? ಇದು ಕಂಪ್ಯೂಟರ್ ಯುಗ ಕಣೇ! ಒಂದು ಫ್ಲಾಪಿ, ಒಂದು ಬಟನ್. ಒತ್ತಿದ್ರೆ ಅತ್ತೆ ಫೋಟೊನೂ ಬರ್ತೈತೆ, ಹಾಡೂ ಬರ್ತೈತೆ."

"ಅಮ್ಮನ ದನಿ ಅಂತ ಇರೋದು ಅದೊಂದೇ. ಹುಷಾರು ಕಣ್ರಿ."

ಹುಷಾರಿಗೆ ನನ್ನಲ್ಲಿ ಕೊರತೆಯೇ? ಮೊದಲು ಹಾಡನ್ನು ಕ್ಯಾಸೆಟ್ಟಿನಿಂದ ಸೆಂಟರಿನ ಕಂಪ್ಯೂಟರಿಗೆ ಏರಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಅಮ್ಮನಹಾಡು' ಎಂದು ನಾಮಕರಣ ಮಾಡಿದೆ. ಅದೇ ವಾರ ನಮ್ಮ ಬೀದಿಯಲ್ಲಿ ಅಮ್ಮನ ಹಬ್ಬ. ಮೆರವಣಿಗೆ ಸೆಂಟರಿನ ಬಾಗಿಲಿಗೇ ಬಂತು. ಕಂಪ್ಯೂಟರಿಗೆ ಸದ್ದು ಏರಿಸುವ ಪಾಠಕ್ಕೆ ಆ ತಮಟೆಯ ಸದ್ದು ಬೇಕೆನ್ನಿಸಿತು. ಕೈಗೆ ಸಿಕ್ಕಿದ್ದು ಅತ್ತೆಯ ಕ್ಯಾಸೆಟ್ಟೊಂದೇ. ಹಾಡು ಹೇಗೂ ಕಂಪ್ಯೂಟರಿನೊಳಗೆ ಭದ್ರವಾಗಿತ್ತಲ್ಲ! ಅದರ ಮೇಲೆಯೇ ತಮಟೆ ರೆಕಾರ್ಡು ಮಾಡಿ, ಅದನ್ನೂ ಕಂಪ್ಯೂಟರಿಗೆ ಏರಿಸಿ, 'ಅಮ್ಮನಹಬ್ಬ' ಎಂದು ಹೆಸರಿಟ್ಟೆ.

ಇನ್ನು ಮುಖ್ಯ ಕಾರ್ಯ. ಚಿತ್ರ, ಧ್ವನಿ ಮುಂತಾದ ಸಾಮಾನನ್ನೆಲ್ಲ ಪ್ರೋಗ್ರಾಮಿನ ಹೊಟ್ಟೆಗೆ ಸೇರಿಸಿ ಒಂದೇ ಫೈಲು ಮಾಡುವ ಹಳೇ ಸಾಧನವೊಂದು ನನ್ನ ಬಳಿಯಿತ್ತು. ಬುತ್ತಿ ಕಟ್ಟಿದ ಹಾಗೆ, ರೊಟ್ಟಿ ಚಟ್ನಿ ಎಲ್ಲ ಒಂದೇ ಗಂಟು. ಅದಕ್ಕೆ ಬಣ್ಣವಿಲ್ಲ, ಬಟನ್ನಿಲ್ಲ. ಕಪ್ಪು ಪರದೆಯಲ್ಲಿ ಏನೇನು ಕಟ್ಟಬೇಕೆಂದು ಹೆಸರು ಬರೆದು ಎಂಟರ್ ಒತ್ತಬೇಕು, ಅಷ್ಟೇ. ಅತ್ತೆಯ ಫೋಟೊ ಬರೆದೆ. ಅಮ್ಮನಹಾಡು ಬರೆದೆ. ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಮೂಡಿತು. 'ಪರದೆ ಮೇಲೆ ಬಂದಿದ್ದನ್ನ ಓದ್ರಪ್ಪ' ಎಂದು ದಿನಾ ಪಾಠ ಮಾಡುವವನು ನಾನು. ಓದಲಿಲ್ಲ!

ಕೇಳಿ ನೋಡೋಣವೆಂದರೆ ಸೆಂಟರಿನ ಸ್ಪೀಕರು ಕೆಟ್ಟು ರಿಪೇರಿಗೆಂದು ಚಿತ್ರದುರ್ಗಕ್ಕೆ ಹೋಗಿತ್ತು. ಫೈಲು ಒಳ್ಳೇ ದಪ್ಪಗಿತ್ತು. ದಪ್ಪಗಿದ್ದ ಮೇಲೆ ಒಳಗೆ ಅತ್ತೆ ಇರಲೇಬೇಕೆಂದು ತೀರ್ಮಾನಿಸಿ ಫ್ಲಾಪಿಗೆ ಹಾಕಿಕೊಂಡೆ. ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಒಳಗೆ ಸೇರಿದ ಮೇಲೆ ಹೊರಗ್ಯಾಕೆ ಎಂದು ಮೂಲ ಫೈಲುಗಳನ್ನೆಲ್ಲ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಶುಚಿತ್ವ ಮುಖ್ಯ ನೋಡಿ!

ಮದುವೆ ಹೊಳಲ್ಕೆರೆಯ ಛತ್ರದಲ್ಲಿ. ಫೋಟೊ ಸ್ಟುಡಿಯೋದ ಬಸಣ್ಣ ತನ್ನ ಕಂಪ್ಯೂಟರನ್ನೂ ಎರಡು ದೊಡ್ಡ ಸ್ಪೀಕರನ್ನೂ ತಂದಿಟ್ಟಿದ್ದ. ಗಂಡು ಹಸೆಯ ಕಡೆ ಹೊರಟ. ಕೋಣೆಯ ಹೊಸಿಲ ಹಿಂದೆ ಸುಧಾ ತಲೆ ತಗ್ಗಿಸಿ ನಿಂತಿದ್ದಳು, ಅಮ್ಮನ ದನಿಗೆ ಕಾಯುತ್ತ.

"ಓಲಗ ನಿಲ್ಲಿಸ್ರಪ್ಪ!" ಎಂದು ಕೈ ಎತ್ತಿದೆ. ಛತ್ರವೆಲ್ಲ ಗಪ್‌ಚುಪ್.

ಬಟನ್ ಒತ್ತಿದೆ. ಪರದೆಯ ಮೇಲೆ ಅತ್ತೆ ನಗುತ್ತ ಬಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು.

ಡಂಡಣಕ ಡಂಡಣಕ! ತಮಟೆ! ಅದರ ಮೇಲೆ ಯಾರದೋ ಗಂಟಲು: "ದಾರಿ ಬಿಡ್ರಲೇ, ಕೋಣ ಬಂತು!"

ಸರಿಯಾಗಿ ಆಗಲೇ ಗಂಡು ಹಸೆ ಹತ್ತಿದ.

ಛತ್ರಕ್ಕೆ ಛತ್ರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಬೆವೆತು ಇನ್ನೊಮ್ಮೆ ಒತ್ತಿದೆ. ಎರಡನೇ ಸಲ ಒತ್ತಿದರೆ ಸರಿಹೋದೀತೆಂಬ ಆಸೆ ಕಂಪ್ಯೂಟರ್ ಮೇಷ್ಟ್ರಿಗೂ ಇರುತ್ತದೆ. ಕೋಣ ಮತ್ತೆ ಬಂತು.

ನಗದವರು ಇಬ್ಬರೇ. ಸುಧಾ ಹೊಸಿಲಲ್ಲೇ ಕಲ್ಲಾಗಿದ್ದಳು. ರತ್ನ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ಹೋಗ್ಲಿ ಬಿಡ್ರಿ. ಸೆಂಟರ್‌ನಾಗೆ ಐತಲ್ಲ, ಊರಿಗೆ ಹೋದ್ಮೇಲೆ ಕೇಳಾಣ."

"ಅಲ್ಲಿಂದು ಅಳಿಸಿಬಿಟ್ಟೆ."

"ಕ್ಯಾಸೆಟ್ ಐತಲ್ಲ?"

ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ.

"ರೀ, ಕ್ಯಾಸೆಟ್ ಐತಲ್ಲ?"

"ಅದ್ರಾಗೂ ಕೋಣನೇ ಐತೆ," ಅಂದೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕೋಣೆಯ ಬಾಗಿಲಿಗೆ ಹೋಗಿ, ತಂಗಿಯ ಕೈ ಹಿಡಿದು, ತಾನೇ ಹಾಡತೊಡಗಿದಳು. ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಸುತ್ತ ಇದ್ದ ಹೆಂಗಸರ ಮುಖ ನೋಡಿದಳು. ಯಾರಿಗೂ ಗೊತ್ತಿರಲಿಲ್ಲ, ಅತ್ತೆ ಇದ್ದಾಗ ಬೇರೆಯವರು ಕಲಿಯುವ ಪ್ರಮೇಯವೇ ಬಂದಿರಲಿಲ್ಲ. ಆ ಎರಡು ಸಾಲನ್ನೇ ತಿರುಗಿಸಿ ಮುರುಗಿಸಿ ಹಾಡಿ ತಂಗಿಯನ್ನು ಹಸೆಗೆ ತಂದಳು. ಸುಧಾ ದಾರಿಯುದ್ದಕ್ಕೂ ಅಳುತ್ತಲೇ ಬಂದಳು. ನಾನು ಸ್ಪೀಕರಿನ ವೈರು ಸುತ್ತುತ್ತ ನಿಂತಿದ್ದೆ.

ಊರಿಗೆ ಬಂದು, ಅವೇ ಹೆಸರಿನ ಎರಡು ಖಾಲಿ ಫೈಲು ಮಾಡಿ ಮತ್ತೆ ಕಟ್ಟಿಸಿ, ಆ ಎಚ್ಚರಿಕೆಯನ್ನು ಕೊನೆಗೂ ಓದಿದೆ. ಆ ಹಳೇ ಸಾಧನಕ್ಕೆ ಯಾವ ಹೆಸರಿನಲ್ಲೂ ಮೊದಲ ಎಂಟು ಅಕ್ಷರ ಮಾತ್ರ ಕಾಣುತ್ತದೆಯಂತೆ. ಇಂಗ್ಲಿಷಿನಲ್ಲಿ ಎಣಿಸಿದೆ: 'ಅಮ್ಮನಹ' ಅನ್ನುವಷ್ಟಕ್ಕೆ ಎಂಟು ಮುಗಿಯಿತು. ಹಾಡೋ ಹಬ್ಬವೋ ಅದಕ್ಕೆ ತಿಳಿಯಲಿಲ್ಲ, ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಮೊದಲು ಸಿಕ್ಕ ಹಬ್ಬವನ್ನೇ ಕಟ್ಟಿಕೊಟ್ಟಿತು. ಹೆತ್ತ ತಾಯಿಗೂ ಅಮ್ಮ, ಊರ ದೇವತೆಗೂ ಅಮ್ಮ ಅನ್ನುವ ನಮ್ಮ ಮಾತು ಪಾಪ ಅದಕ್ಕೇನು ಗೊತ್ತು? ಗೊತ್ತಿದ್ದವನು ನಾನು.

ವಾರದ ಮೇಲೆ ರತ್ನ ಆ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಹಾಕಿದಳು. ತಮಟೆಗೆ ಮುಂಚೆ, ನಾನು ಅಳಿಸದೆ ಉಳಿದಿದ್ದ ಚೂರು ಟೇಪಿನಲ್ಲಿ, ಅತ್ತೆ ಕೆಮ್ಮಿದರು.

"ಸುರು ಮಾಡ್ಲೇನಪ್ಪಾ?" ಅಂದರು ಅತ್ತೆ.

ಆಮೇಲೆ ನನ್ನ ದನಿ. ಎಂಥ ಗತ್ತು! "ತಡೀರಿ ಅತ್ತೆ, ನಾನು ಹೇಳೋ ತನಕ ಹಾಡಬ್ಯಾಡ್ರಿ."

ಅಷ್ಟೇ. ಮುಂದೆ ತಮಟೆ, ಕೋಣ.

ಪ್ರತಿ ವರ್ಷ ಅತ್ತೆಯ ತಿಥಿಯ ದಿನ ರತ್ನ ಅದನ್ನು ಹಾಕುತ್ತಾಳೆ, ತಮಟೆ ಬರುವ ಮೊದಲೇ ನಿಲ್ಲಿಸುತ್ತಾಳೆ. ಅಳಿಯನ ಮಾತನ್ನು ಮೀರಿದವರಲ್ಲ ನಮ್ಮ ಅತ್ತೆ. ಇನ್ನೂ ಹಾಡಿಲ್ಲ.