ದೇವರಿಗೆ ವಿಳಾಸ ಹೇಳುವ ಆಯಿ

ನಮ್ಮ ಚರ್ಚಿನಲ್ಲಿ ಎಡಗಡೆಯ ಎರಡನೆಯ ಬೆಂಚಿನ ಬೆನ್ನುಪಟ್ಟಿಯ ಮೇಲೆ, ನಡುದಾರಿಯ ತುದಿಗೆ, ಅಂಗೈಯಷ್ಟು ಜಾಗದಲ್ಲಿ ವಾರ್ನಿಶ್ ಹೋಗಿ ಒಳಗಿನ ಸಾಗವಾನಿ ಕಾಣುತ್ತದೆ. ಉಳಿದ ಬೆಂಚುಗಳೆಲ್ಲ ಹೊಳೆಯುತ್ತವೆ.

ಅದು ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಪ್ರತಿ ಭಾನುವಾರ ಹಿಂದಿನ ಬೆಂಚಿನಿಂದ ಎದ್ದು ನಿಲ್ಲುವಾಗ ಹಿಡಿದುಕೊಳ್ಳುವ ಜಾಗ. ಆಕೆ ಎದ್ದು ನಿಂತಳೆಂದರೆ ಬೈಲಹೊಂಗಲದಲ್ಲಿ ನಮ್ಮ ಮನೆಗೆ ಗೋಡೆಗಳೇ ಇಲ್ಲವೆಂದು ತಿಳಿಯಬೇಕು! ನಮ್ಮ ಮನೆಗೆ ಟೆಲಿಫೋನು ಬಂದದ್ದು ತೊಂಬತ್ತರ ದಶಕದ ನಡುವಿಗೆ. ಅದರಿಂದ ನಮಗೇನೂ ಉಪಯೋಗವಾಗಲಿಲ್ಲ. ಏನಾದರೂ ಸುದ್ದಿ ಹೇಳಲು ಫೋನು ಮಾಡಿದರೆ ಆ ಕಡೆಯವರು, "ಗೊತ್ತಾಗೇತ್ರಿ, ಐತವಾರನ ಪ್ರಾರ್ಥನಾ ಮಾಡೇವಿ" ಎನ್ನುತ್ತಿದ್ದರು.

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ಹಾಡು ಮುಗಿದ ಮೇಲೆ, ಪ್ರಸಂಗಕ್ಕೆ ಮುಂಚೆ, ಪಾಸ್ಟರು "ಪ್ರಾರ್ಥನಾ ವಿಷಯಗಳೇನಾದರೂ ಇವೆಯೇ?" ಎಂದು ಕೇಳುತ್ತಾರೆ. ಕಷ್ಟವಿದ್ದವರು ಎದ್ದು ಕಷ್ಟ ಹೇಳುತ್ತಾರೆ, ಒಳ್ಳೆಯದಾದವರು ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ, ಹೇಳುತ್ತಾರೆ, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಸಜ್ಜನರು ಮಾಡಿದ ಪದ್ಧತಿ. ಅವರು ನಮ್ಮ ಆಯಿಯನ್ನು ನೋಡಿರಲಿಲ್ಲ.

ಆಯಿ ಯಾವಾಗಲೂ "ಮೂರು ವಿಷಯ ಅದಾವು" ಎಂದೇ ಶುರು ಮಾಡುವಳು. ಏಳಕ್ಕಿಂತ ಕಡಿಮೆ ಎಂದೂ ಇದ್ದದ್ದಿಲ್ಲ. ಒಮ್ಮೆ ಹೊಸ ಪಾಸ್ಟರು ಬಂದು, ಒಬ್ಬರಿಗೆ ಒಂದೇ ವಿಷಯ ಎಂದು ನಿಯಮ ಮಾಡಿದರು. ಪಾಪ, ಹೊಸಬರು! ಆಯಿ ನಿಯಮಕ್ಕೆ ತಲೆಬಾಗಿ ಒಂದೇ ವಿಷಯ ಹೇಳಿದಳು. ಆಮೇಲೆ "ಈಗ ನಾನs ಪ್ರಾರ್ಥನಾ ಮಾಡತೇನಿ" ಎಂದು ಕಣ್ಣು ಮುಚ್ಚಿ, ಉಳಿದ ಆರನ್ನೂ ಪ್ರಾರ್ಥನೆಯೊಳಗೇ ಸೇರಿಸಿಬಿಟ್ಟಳು. ಕಣ್ಣು ಮುಚ್ಚಿ ದೇವರೊಡನೆ ಮಾತಾಡುತ್ತಿರುವ ಮುದುಕಿಯನ್ನು ಸಾಕು ಕೂರು ಎನ್ನುವ ಎದೆ ಯಾವ ಪಾಸ್ಟರಿಗಿದೆ?

"ಕರ್ತನೇ, ನಿನಗ ಗೊತ್ತಿದ್ದಂಗ ನನ್ನ ಸಣ್ಣ ಮಗ ಸವದತ್ತ್ಯಾಗ ಮನಿ ಕಟ್ಟಾಕತ್ತಾನ. ಸ್ಲ್ಯಾಬ್ ಮಟಾ ಬಂದು ನಿಂತೈತಿ. ಮೇಸ್ತ್ರಿ ಕೈ ಕೊಟ್ಟಾನ. ಅದs, ಬಸ್ ಸ್ಟ್ಯಾಂಡ್ ಹಿಂದ, ಹಿಟ್ಟಿನ ಗಿರಣಿ ದಾಟಿದ ಮ್ಯಾಲೆ ಬೇವಿನ ಗಿಡಾ ಬರತೈತಿ ನೋಡು, ಅದರ ಎದುರಿನ ಮನಿ."

ಸರ್ವಜ್ಞನಾದ ದೇವರಿಗೆ ವಿಳಾಸವೇಕೆ ಎಂದು ಒಮ್ಮೆ ಕೇಳಿದ್ದೆ. ಆಯಿ ನನ್ನನ್ನು ಕನಿಕರದಿಂದ ನೋಡಿದಳು. "ಎಲ್ಲಾ ಗೊತ್ತಿರತೈತಿ ಬಿಡ ಆತಗ. ಆದ್ರ ಸವದತ್ತ್ಯಾಗ ಬೇವಿನ ಗಿಡಾ ಏನ್ ಒಂದs ಐತೇನು?"

ಮನಸ್ಸಿನಲ್ಲೇ ಪ್ರಾರ್ಥಿಸಬಾರದೇ ಎಂದರೆ ಅದಕ್ಕೂ ಉತ್ತರವಿತ್ತು: "ಬಾಯಿ ಮುಚ್ಚಿ ಮಾಡೂ ಪ್ರಾರ್ಥನಾ ಅಂದ್ರ ಸ್ಟ್ಯಾಂಪ್ ಹಚ್ಚಲಾರದ ಪತ್ರ ಇದ್ದಂಗ."

ಆ ಸವದತ್ತಿಯ ಕಾಕಾ ಒಮ್ಮೆ ಮೂಲವ್ಯಾಧಿಗೆ ಆಪರೇಷನ್ ಮಾಡಿಸಿಕೊಂಡ. ಹೆಂಡತಿಗೂ ಅರ್ಧ ಮಾತ್ರ ಹೇಳಿ, ತಾಯಿಗೆ ಪೂರ್ತಿ ಹೇಳಿದ. ಎಂಥ ದಡ್ಡತನ! ಆರಾಮಾಗಿ ಕ್ರಿಸ್ಮಸ್‌ಗೆ ಊರಿಗೆ ಬಂದಾಗ ಸಭೆಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೈಕುಲುಕಿ, "ಈಗ ಕುಂದ್ರಾಕ ಬರತೈತೇನ್ರಿ?" ಎಂದು ಕೇಳಿದರು. ಕಾಕಾ ಆರಾಧನೆ ಮುಗಿಯುವವರೆಗೆ ಹಿಂದಿನ ಗೋಡೆಗೆ ಆತುಕೊಂಡು ನಿಂತಿದ್ದ. ಅದನ್ನು ನೋಡಿದ ಆಯಿ ಮುಂದಿನ ವಾರ ಮತ್ತೆ ಎದ್ದಳು: "ಇನ್ನೂ ಕುಂದ್ರಾಕ ಬರವಲ್ದು ಕರ್ತನೇ!"

ಆಕೆಯನ್ನು ಸುದ್ದಿಗಾರ್ತಿ ಎಂದಷ್ಟೇ ಹೇಳಿದರೆ ತಪ್ಪಾದೀತು. ಸಭೆಯ ಕೆಲಸವೆಲ್ಲ ಆಕೆಯದೇ. ಯಾರೂ ನೇಮಿಸಿದ್ದಿಲ್ಲ. ಶನಿವಾರ ಬೆಂಚು ಒರೆಸುವುದು, ಪೀಠದ ಮುಂದೆ ಚೆಂಡು ಹೂವು ಇಡುವುದು, ಕರ್ತನ ಭೋಜನದ ಸಂಸ್ಕಾರಕ್ಕೆ ಬಳಸುವ ಬಟ್ಟಲು ತೊಳೆಯುವುದು. ಬೇನೆಬಿದ್ದವರ ಮನೆಗೆ ರೊಟ್ಟಿ, ಪುಂಡಿಪಲ್ಯೆ ಒಯ್ಯುವುದೂ ಆಕೆಯೇ. ಡಬ್ಬಿ ತುಂಬಿ ಒಯ್ದು, ಸುದ್ದಿ ತುಂಬಿಕೊಂಡು ಬರುವಳು. ಜಾತಿ ಧರ್ಮದ ಭೇದವೂ ಇಲ್ಲ. ಎದುರುಮನೆಯ ಗೌಡಶಾನಿ ದೊಡವಾಡದ ತವರಿನಿಂದ ತಂದ ಎಮ್ಮೆ ಎಷ್ಟು ದಿನವಾದರೂ ಗಬ್ಬವಾಗದಿದ್ದಾಗ, ಆಯಿ ಅದನ್ನೂ ಪ್ರಾರ್ಥನಾ ವಿಷಯಕ್ಕೆ ಸೇರಿಸಿದಳು. ಎಮ್ಮೆ ಈದಿತು. ಹಣೆಗೆ ವಿಭೂತಿ ಧರಿಸಿದ್ದ ಗೌಡಶಾನಿ ಪಾತ್ರೆ ತುಂಬ ಗಿಣ್ಣ ಹಿಡಿದುಕೊಂಡು ಚರ್ಚಿನ ಬಾಗಿಲಿಗೇ ಬಂದು, "ನಿಮ್ಮ ದೇವರು ಎಮ್ಮಿದೂ ಕೇಳತಾನಲ್ಲ ಯವ್ವಾ!" ಎಂದಳು. "ಹೇಳೂ ಹಂಗ ಹೇಳಿದ್ರ ಯಾಕ ಕೇಳಂಗಿಲ್ಲ?" ಎಂದಳು ಆಯಿ.

ಇಲ್ಲಿಯವರೆಗಿನದನ್ನು ನಾನು ಗೆಳತಿಯರಿಗೆ ಹೇಳಿ ನಗಿಸಿದ್ದೇನೆ. ಇನ್ನು ಮುಂದಿನದನ್ನು ಹೇಳಿದ್ದಿಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದ ವರ್ಷ ನನಗೆ ಕಿತ್ತೂರಿನ ಕಡೆಯದೊಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಮಾಸ್ತರ. ಮಾತು ಕಡಿಮೆ. ನನಗೆ ಅದೇ ಹಿಡಿಸಿತು. ಚಿಕ್ಕಂದಿನಲ್ಲಿ ನನಗೆ ಫಿಟ್ಸ್ ಬರುತ್ತಿತ್ತು. ಏಳನೆಯ ಇಯತ್ತೆಯ ನಂತರ ಒಮ್ಮೆಯೂ ಬಂದಿಲ್ಲ, ಔಷಧಿಯೂ ನಿಂತು ಬಹಳ ಕಾಲವಾಗಿತ್ತು. ಆದರೂ ಮುಚ್ಚಿಡಬಾರದೆಂದು, ಎರಡನೆಯ ಸಲ ಭೇಟಿಯಾದಾಗ ನಾನೇ ಆತನಿಗೆ ಹೇಳಿದೆ. ಆತ, "ಅದಕ್ಕೇನಾತು? ಮನ್ಯಾಗ ಸಾವಕಾಶ ನಾನs ಹೇಳತೇನಿ" ಎಂದ. ಆ ಉತ್ತರವನ್ನು ನಾನು ಎಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದೆನೋ!

ನಿಶ್ಚಯಕ್ಕೆ ಮುಂಚಿನ ಭಾನುವಾರ ಆತನ ತಾಯಿ ಮತ್ತು ಸೋದರತ್ತೆ ನಮ್ಮ ಸಭೆಯನ್ನು ನೋಡಲು ಬಂದರು. ಅತಿಥಿಗಳೆಂದು ಮೊದಲ ಬೆಂಚಿನಲ್ಲಿ ಕೂರಿಸಿದರು. ಇಳಕಲ್ ಸೀರೆ ಉಟ್ಟ ಆಯಿಗೆ ಅಂದು ಹಿಗ್ಗೋ ಹಿಗ್ಗು. ಬೆಂಚು ಹಿಡಿದು ಎದ್ದಳು.

"ಮೂರು ವಿಷಯ ಅದಾವು. ಮೊದಲನೇದು ದೊಡ್ಡ ಸ್ತೋತ್ರ. ನನ್ನ ಮೊಮ್ಮಗಳಿಗೆ ಸಣ್ಣಾಕಿದ್ದಾಗ ಫಿಟ್ಸ್ ಬರತಿದ್ದು. ಬಾಯಾಗ ಬುರುಗು ಬರತಿತ್ತು, ನಾನs ಎತ್ತಿಕೊಂಡು ದವಾಖಾನಿಗೆ ಓಡತಿದ್ನಿ. ಕರ್ತನು ಮುಟ್ಟಿ ವಾಸಿ ಮಾಡಿದಾ. ಇವತ್ತಿನ ತನಕ ಬಂದಿಲ್ಲ. ಮದುವಿ ದಿನಾನೂ ಬರದಂಗ ಎಲ್ಲಾರೂ ಪ್ರಾರ್ಥನಾ ಮಾಡ್ರಿ."

ಸಭೆ "ಆಮೆನ್" ಎಂದಿತು. ಮೊದಲ ಬೆಂಚು ಎನ್ನಲಿಲ್ಲ. ಎರಡನೆಯ ವಿಷಯ ಏನಿತ್ತೋ ನನಗೆ ಕೇಳಿಸಲಿಲ್ಲ.

ಸಂಬಂಧ ತಂದಿದ್ದ ನಡುವಿನವರು ಬುಧವಾರ ಬಂದು ಚಹಾ ಕುಡಿದು, "ಅವರು ಬ್ಯಾಡಂತಾರ್ರಿ" ಎಂದರು. ಆಯಿಗೆ ಅರ್ಥವೇ ಆಗಲಿಲ್ಲ. "ಯಾಕ? ನಾ ವಾಸಿ ಆಗೇತಿ ಅಂತ ಸ್ತೋತ್ರ ಹೇಳೇನಿ. ಜಡ್ಡು ಐತಿ ಅಂತ ಹೇಳೇನೇನು?" ನಮ್ಮ ಸಭೆಯಲ್ಲಿ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ನಮ್ಮಲ್ಲಿ ವಾಸಿಯಾದದ್ದು ಹೆಮ್ಮೆಯ ಸುದ್ದಿ. ಎಷ್ಟು ದೊಡ್ಡ ಜಡ್ಡು ಹೇಳಿದರೆ ಅಷ್ಟು ದೊಡ್ಡ ಸ್ತೋತ್ರ. ಗಂಡಿನ ತಾಯಿ ಸ್ತೋತ್ರ ಬಿಟ್ಟು ಜಡ್ಡನ್ನಷ್ಟೇ ಮನೆಗೆ ಒಯ್ದಿದ್ದಳು.

ಆತ ಆಗಲಾದರೂ ತನ್ನ ಮನೆಯಲ್ಲಿ ಒಂದು ಮಾತು ಹೇಳಬಹುದಿತ್ತು. 'ನನಗೆ ಮೊದಲೇ ಗೊತ್ತಿತ್ತು' ಎಂದರೆ ಸಾಕಿತ್ತು. ಫೋನು ಮೇಜಿನ ಮೇಲೆಯೇ ಇತ್ತು. ಆತನ ಕರೆ ಬಂದು ಅದು ಒಮ್ಮೆಯಾದರೂ ಉಪಯೋಗಕ್ಕೆ ಬಂದೀತೆಂದು ಕಾದೆ. ಒಟ್ಟಿನಲ್ಲಿ, ಒಬ್ಬಳು ಹೇಳಬಾರದ್ದನ್ನು ಹೇಳಿದಳು, ಒಬ್ಬ ಹೇಳಬೇಕಾದ್ದನ್ನು ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಹೇಳಿದವಳ ಮೇಲೆಯೇ ಹೋಯಿತು. ಆಕೆ ಮನೆಯಲ್ಲೇ ಇದ್ದಳಲ್ಲ, ಕೈಗೆ ಸಿಗುತ್ತಿದ್ದಳು!

"ಇನ್ನ ಮ್ಯಾಲೆ ನಿನ್ನ ಬಾಯಾಗ ನನ್ನ ಹೆಸರು ಬರಬಾರದು ಆಯಿ. ನನ್ನ ವಿಷಯ ಮಂದಿ ಮುಂದೂ ಬ್ಯಾಡ, ದೇವರ ಮುಂದೂ ಬ್ಯಾಡ," ಎಂದೆ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಆಕೆಗೆ ಅಷ್ಟು ನಾಟುತ್ತಿರಲಿಲ್ಲವೇನೋ. ಅಂದಿನಿಂದ ಮಾತೂ ಬಿಟ್ಟೆ.

ಆಯಿ ಮಾತಿಗೆ ತಪ್ಪಲಿಲ್ಲ. ಆದರೆ ಪಾಲಿಸಿದ ರೀತಿಯನ್ನು ನೋಡಿ! ಮುಂದಿನ ಭಾನುವಾರ ಎದ್ದು, "ನನ್ನ ಹಿರೀ ಮಗಾ, ಸೊಸಿ, ಆಮ್ಯಾಲೆ..." ಎಂದು ನಿಂತುಬಿಟ್ಟಳು. ಸರಿಯಾಗಿ ನನ್ನ ಹೆಸರಿನಷ್ಟೇ ಉದ್ದದ ಮೌನ. ಉಗುಳು ನುಂಗಿದ್ದು ಹಿಂದಿನ ಬೆಂಚಿಗೂ ಕೇಳಿಸಿರಬೇಕು. "...ಆಮ್ಯಾಲೆ ಸವದತ್ತ್ಯಾಗಿನ ಮಗಾ" ಎಂದು ಮುಂದುವರಿದಳು. ಇಡೀ ಸಭೆ ತಿರುಗಿ ನನ್ನನ್ನೇ ನೋಡಿತು. ಹೆಸರು ಹೇಳುತ್ತಿದ್ದಾಗ ಇಷ್ಟು ಜನ ನೋಡಿರಲಿಲ್ಲ! ಪ್ರತಿ ವಾರವೂ ಅದೇ. ಪಾಸ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಆಯಿಗೆ ಗಂಟಲಾಗೇನರ ಆಗೇತೇನವ್ವಾ?" ಎಂದು ಕೇಳಿದರು.

ಹೀಗೆ ಬೇಸಿಗೆ ಕಳೆಯಿತು. ಮಳೆಗಾಲ ಶುರುವಾಗುವ ಹೊತ್ತಿಗೆ ರಾಮದುರ್ಗದ ಒಂದು ಕಾಲೇಜಿನಲ್ಲಿ ನನಗೆ ಅರ್ಥಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಫೋನು ಬಂದಾಗ ಅವ್ವನಿಗೊಬ್ಬಳಿಗೇ ಹೇಳಿದೆ. ಆಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ತಟ್ಟುವ ಸಪ್ಪಳ ಒಮ್ಮೆ ನಿಂತು ಮತ್ತೆ ಶುರುವಾಯಿತು. ಕೇಳಿಸಿಕೊಂಡಳೆಂದು ತಿಳಿಯಿತು. ಇನ್ನು ಊರಿಗೆಲ್ಲ ಗೊತ್ತಾಯಿತೆಂದು ಹಲ್ಲು ಕಚ್ಚಿದೆ.

ಆಗಲಿಲ್ಲ. ಆ ವಾರ ಆಕೆ ಪಟ್ಟ ಪಾಡು ನೋಡುವಂತಿತ್ತು. ಬೇನೆಯವರ ಮನೆಗೆ ಡಬ್ಬಿ ಒಯ್ದವಳು ಬಾಗಿಲಲ್ಲೇ ಕೊಟ್ಟು ತಿರುಗಿ ಬಂದಳು. ಒಳಗೆ ಕೂತರೆ ಬಾಯಿ ಜಾರೀತೆಂಬ ಹೆದರಿಕೆ! ಗೌಡಶಾನಿ ಕಟ್ಟೆಗೆ ಬಂದು "ಏನ್ ಸುದ್ದಿರಿ ಯವ್ವಾ?" ಎಂದರೆ, "ಮಳಿ ಬರೂ ಹಂಗ ಐತಿ" ಎಂದಳು. ಗೌಡಶಾನಿ ಗಾಬರಿಯಾಗಿ ಅವ್ವನನ್ನು ಕರೆದು, "ಮುದುಕಿಗೆ ಆರಾಮಿಲ್ಲೇನು? ಡಾಕ್ಟರಗ ತೋರಿಸ್ರಿ" ಎಂದಳು.

ಶನಿವಾರ ಅವ್ವನಿಗೆ ನೆಗಡಿ. ಬೆಂಚು ಒರೆಸುವ ಆಯಿಗೆ ನೀರು ಒಯ್ದು ಕೊಡು ಎಂದು ನನ್ನನ್ನು ಕಳಿಸಿದಳು. ನಾನು ಬಕೆಟ್ ಹಿಡಿದು ಬಾಗಿಲಿಗೆ ಹೋದಾಗ ಆಯಿ ಒಳಗೆ ಒಬ್ಬಳೇ ಇದ್ದಳು. ಒಂದೊಂದು ಬೆಂಚು ಒರೆಸುತ್ತ, ಅಲ್ಲಿ ಕೂರುವವರಿಗಾಗಿ ಪ್ರಾರ್ಥಿಸುತ್ತ ಬರುವುದು ಆಕೆಯ ಪದ್ಧತಿ, ಅದೂ ಗಟ್ಟಿಯಾಗಿ. ಸ್ಟ್ಯಾಂಪ್ ಹಚ್ಚಬೇಕಲ್ಲ! ಹಿಂದಿನ ಬೆಂಚಿನಿಂದ ಶುರು ಮಾಡಿ ಆಗಲೇ ನಮ್ಮ ಬೆಂಚಿಗೆ ಬಂದಿದ್ದಳು. ಬಾಗಿಲ ಕಡೆ ಬೆನ್ನಿತ್ತು. ನಡುದಾರಿಯ ತುದಿ ಒರೆಸಿದಳು, ಅವ್ವ ಕೂರುವ ನಡುಭಾಗ ಒರೆಸಿದಳು, ಗೋಡೆಯ ಕಡೆ ನಾನು ಕೂರುವ ಜಾಗಕ್ಕೆ ಬಂದು ನಿಂತಳು.

"ಕರ್ತನೇ, ಇಲ್ಲೆ ಒಬ್ಬಾಕಿ ಕುಂದ್ರತಾಳ. ಎಡಗಡಿ ಮೂರನೇ ಬೆಂಚು, ಗ್ವಾಡಿ ಕಡೆ, ಕಿಡಕಿ ಬುಡಕ. ಹೆಸರು ಹೇಳಂಗಿಲ್ಲ, ಆಕಿ ಬ್ಯಾಡ ಅಂದಾಳ. ಆಕೀದೊಂದು ಚೊಲೋ ವಿಷಯ ಐತಿ. ಏನಂತ ನನ್ನ ಕೇಳಬ್ಯಾಡ. ನಿನಗ ಗೊತ್ತಿದ್ರ ಚೊಲೋ ಆತು, ಇಲ್ಲಂದ್ರ ಆಕೀನ್ನs ಕೇಳು." ಅರಿವೆ ಹಿಂಡಿ ಅದೇ ಜಾಗವನ್ನು ಮತ್ತೊಮ್ಮೆ ಒರೆಸಿದಳು. "ನನ್ನ ಕೂಡ ಮಾತಾಡವಲ್ಲಳು. ನೀನರ ಮಾತಾಡಸಪ್ಪಾ."

ನಾನು ಬಕೆಟ್ ಕೆಳಗಿಡಲಿಲ್ಲ. ಇಟ್ಟರೆ ಸಪ್ಪಳವಾಗುತ್ತಿತ್ತು. ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ಇಳಿದು, ಸ್ವಲ್ಪ ಹೊತ್ತು ನಿಂತು, ಚಪ್ಪಲಿಯನ್ನು ಬೇಕೆಂದೇ ಜೋರಾಗಿ ಎಳೆಯುತ್ತ ಮತ್ತೆ ಬಂದೆ. ಆಯಿ ಬಕೆಟ್ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಹಾಡು ಮುಗಿಯಿತು. ಪಾಸ್ಟರು ಎಂದಿನಂತೆ ಕೇಳಿದರು. ಆಯಿಯ ಕೈ ಮುಂದಿನ ಬೆಂಚಿನ ಸವೆದ ಜಾಗಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ನಾನು ಎದ್ದು ನಿಂತೆ. ನನ್ನ ಎದುರಿನ ಪಟ್ಟಿಯಲ್ಲಿ ವಾರ್ನಿಶ್ ಇನ್ನೂ ಹೊಸದು, ಬೆವರಿದ ಕೈ ಜಾರುತ್ತಿತ್ತು.

"ಎರಡು ವಿಷಯ ಅದಾವು," ಎಂದೆ. "ಮೊದಲನೇದು, ಸಣ್ಣಾಕಿದ್ದಾಗ ನನಗ ಫಿಟ್ಸ್ ಬರತಿದ್ದು. ಆಯಿ ಎತ್ತಿಕೊಂಡು ದವಾಖಾನಿಗೆ ಓಡತಿದ್ಲು. ಈಗ ಬರೂದಿಲ್ಲ. ಅದಕ್ಕ ಸ್ತೋತ್ರ."

ಅವ್ವನ ಬೆನ್ನ ಹಿಂದಿನಿಂದ ಒಂದು ಕೈ ಬಂದು ನನ್ನ ಸೆರಗು ಜಗ್ಗಿತು. "ಕುಂದ್ರs ಹುಚ್ಚಿ!" ಎಂದು ಆಯಿ ಇಡೀ ಸಭೆಗೆ ಕೇಳುವಂತೆ ಪಿಸುಗುಟ್ಟಿದಳು. "ಮನೀ ಸುದ್ದಿ ಯಾರರ ಹಿಂಗ ಮಂದಿ ಮುಂದ ಹೇಳತಾರೇನು?"

ನಾನು ಕೂರಲಿಲ್ಲ. "ಎರಡನೇದು," ಎಂದೆ, "ನನಗ ರಾಮದುರ್ಗದ ಕಾಲೇಜಿನ್ಯಾಗ ನೌಕರಿ ಸಿಕ್ಕೈತಿ. ಬಸ್ ಸ್ಟ್ಯಾಂಡಿಗೆ ಇಳಿದು ಎಡಕ್ಕ ಹೊಳ್ಳಿದ್ರ ಒಂದು ಕಟ್ಟಿಗಿ ಅಡ್ಡೆ ಬರತೈತಿ, ಅದನ್ನ ದಾಟಿ ಎರಡನೇ ಓಣಿ, ಹುಣಸಿ ಗಿಡದ ಎದುರಿನ ಮನ್ಯಾಗ ಇರತೇನಿ."