ಹೊಸ್ತಿಲ ಮೇಲಿನ ಒಡಪು

ಹೆಂಡತಿಯ ಹೆಸರಿಗೆ ಪ್ರಾಸ ಕಟ್ಟಿ ಒಡಪು ಹೇಳದ ಅಳಿಯನನ್ನು ಹೊಸ್ತಿಲು ದಾಟಿಸದಿದ್ದ ಕಾಲವದು. ನಿಜಾಮರ ಆಳ್ವಿಕೆ. ಸರಕಾರಿ ಶಾಲೆಯಲ್ಲಿ ಉರ್ದು, ಕನ್ನಡಕ್ಕೆ ಗುಡಿಯ ಕಟ್ಟೆಯೇ ಗತಿ. ಹೆಂಗಸರ ಒಡಪಿಗೆ ಮಾತ್ರ ಯಾವ ಸರಕಾರದ ಅಪ್ಪಣೆಯೂ ಬೇಕಿರಲಿಲ್ಲ.

ಜಿಡಗಾ ಊರಿನ ಗುಡಿಕಟ್ಟೆಯ ಮೇಲೆ ಕಾವ್ಯದ ಅಲಂಕಾರ ಕಲಿಸುತ್ತಿದ್ದ ದತ್ತಪ್ಪ ಮಾಸ್ತರರು ತವರಿಗೆ ಬಂದಿದ್ದ ಹೆಂಡತಿಯನ್ನು ಕರೆದೊಯ್ಯಲು ಅಫಜಲಪುರಕ್ಕೆ ಬಂದರು. ನಾಳೆಯಿಂದ ಶೂನ್ಯಮಾಸ; ಅದು ಮುಗಿಯುವತನಕ ಹೆಣ್ಣು ಕಳಿಸುವಂತಿಲ್ಲ. ಆ ದಿನಕ್ಕೆ ಇದ್ದೊಂದು ಮೋಟಾರು ಬಸ್ಸು ಆಗಲೇ ಊರಬಾಗಿಲ ಅಗಸಿಯಲ್ಲಿ ಗುರುಗುಡುತ್ತಿತ್ತು. ಬಾಗಿಲಲ್ಲಿ ಹೆಂಡತಿಯ ಚಿಗವ್ವ ಭಾಗಮ್ಮ ಕೋಟೆಯ ಬುರುಜಿನಂತೆ ನಿಂತಿದ್ದಳು.

“ಒಡಪು ಹೇಳ್ರಿ, ಹೆಣ್ಣು ಒಯ್ರಿ.”

ಮಾಸ್ತರರು ಉಪಮೆಯಿಂದ ಶುರುಮಾಡಿದರು. “ಚಂದ್ರನಂಥ ಮಾರಿಯಾಕಿ...”

“ಚಂದ್ರಗ ಕಲೆ ಅದಾವ. ನಮ್ಮ ಹುಡುಗಿ ಮಾರಿ ಮ್ಯಾಲ ಎಲ್ಲಿ ಕಂಡ್ರಿ?” ಎಂದಳು ಭಾಗಮ್ಮ.

ಉಪಮೆ ಬಿಟ್ಟು ರೂಪಕ ಹಿಡಿದರು. “ನನ್ನ ಮನಿ ನಂದಾದೀಪ...”

“ಹಗಲೂ ರಾತ್ರಿ ಉರಸ್ತೀರೇನ್ರಿ ಕೂಸಿನ್ನ?” ಪಕ್ಕದ ಮನೆಯ ಮದೀನಾಬಿ ಗೋಡೆಯಾಚೆಯಿಂದ ಕೇಳಿದಳು.

ಉಳಿದದ್ದು ಅತಿಶಯೋಕ್ತಿ. “ಆಕಿ ಚಿಂತ್ಯಾಗ ಅನ್ನ ನೀರು ಬಿಟ್ಟು...”

“ಅಳಿಯಂದ್ರು ಅನ್ನ ಬಿಟ್ಟಾರಂತ, ತಾಟು ಎತ್ತಿಡ್ರಿ,” ಎಂದರು ಒಳಗಿನಿಂದ ಅತ್ತೆ. ಹೋಳಿಗೆಯ ತಾಟು ಮಾಸ್ತರರ ಕಣ್ಣೆದುರೇ ನಡುಮನೆಯಿಂದ ಅಡುಗೆಮನೆಗೆ ಹೋಯಿತು.

“ಅದು ಅತಿಶಯೋಕ್ತಿರೀ. ಇದ್ದದ್ದನ್ನ ಹೆಚ್ಚು ಮಾಡಿ ಹೇಳೂದು.”

“ಹಂಗಾರ ಸುಳ್ಳು ಅನ್ರಿ,” ಎಂದಳು ಮದೀನಾಬಿ.

ಮೋಟಾರು ಭೋಂಕರಿಸಿತು. ಮಾಸ್ತರರ ತಲೆಯ ಪಟಕಾ ಸಡಿಲಾಯಿತು, ಅದರ ಸಂಗಡ ಕಲಿತ ಅಲಂಕಾರವೆಲ್ಲ ಜಾರಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟರು:

“ಪಲ್ಯಕ್ಕ ರುಚಿ ಎಳೀ ಹೀರೀಕಾಯಿ,
ಮನಿಗೆ ಕಳೆ ನನ್ನ ರುಕ್ಮಿಣಿಬಾಯಿ.”

ಹೆಂಗಸರು ತಲೆದೂಗಿದರು. ಭಾಗಮ್ಮ ಪಕ್ಕಕ್ಕೆ ಸರಿದಳು. ಒಳಗೆ ಬಳೆ ಸದ್ದಾಯಿತು. ಮಾಸ್ತರರು ಬಲಗಾಲು ಎತ್ತಿದರು.

“ತಡೀರಿ,” ಅತ್ತೆ ಹೊರಗೆ ಬಂದರು. “ಯಾರ್ರೀ ಈ ರುಕ್ಮಿಣಿಬಾಯಿ?”

“ನಿಮ್ಮ ಮಗಳೇ ಅಲ್ಲೇನ್ರೀ? ಲಗ್ನದಾಗ ಅಕ್ಕ್ಯಾಗ ಬರೆದು ನಾವ ಇಟ್ಟ ಹೆಸರು.”

“ಅದು ನಿಮ್ಮ ಹೊಸ್ತಿಲ ಒಳಗಿನ ಹೆಸರು. ಈ ಹೊಸ್ತಿಲ ಒಳಗ ಹುಟ್ಟಿದಾಕಿ ರೇವಮ್ಮ. ರೇವಮ್ಮಗ ಪ್ರಾಸ ಹಚ್ಚರಿ.”

ಭಾಗಮ್ಮ ಮತ್ತೆ ಬಾಗಿಲಿಗೆ ಬಂದಳು. ಎತ್ತಿದ ಕಾಲು ಎತ್ತಿದಂತೆಯೇ ಮಾಸ್ತರರು ರೇವಮ್ಮನಿಗೆ ಪ್ರಾಸ ಹುಡುಕಿದರು. ಸಿಕ್ಕಿದ್ದು ಒಂದೇ: ದೇವಮ್ಮ. ಅಳಿಯನಾದವನು ಸತ್ತರೂ ಬಾಯಲ್ಲಿ ತರಬಾರದ ಹೆಸರು ಅದು.

ಸಾಕ್ಷಾತ್ ಅತ್ತೆ ದೇವಮ್ಮನವರೇ ಎದುರು ನಿಂತು, “ಹೇಳ್ರಿ ಅಳಿಯಂದ್ರ, ನಾಲಿಗಿ ತುದೀಗೆ ಬಂದಂಗ ಅದ,” ಎಂದರು.